ಟೆಡ್ ಲ್ಯಾಸೋ ಬರಹಗಾರರಿಗೆ ಒಂದು ಬಹಿರಂಗ ಪತ್ರ: ಆ ಮಾತು ನಮ್ಮ ಕಣ್ಣೆದುರೇ ಆಗಲಿ

ಕುಂದಾಪುರ
ಆಗಸ್ಟ್ 2025

ಜೇಸನ್ ಸುಡೈಕಿಸ್, ಬ್ರೆಂಡನ್ ಹಂಟ್, ಜೋ ಕೆಲ್ಲಿ, ಬಿಲ್ ಲಾರೆನ್ಸ್ ಮತ್ತು 'ಟೆಡ್ ಲ್ಯಾಸೋ' ಸರಣಿಯ ಬರಹಗಾರರ ಬಳಗಕ್ಕೆ,

ಮಾನ್ಯರೇ,

ನಮಸ್ಕಾರ. ನಿಮಗೆ ಗೊತ್ತಿಲ್ಲದ ಭಾಷೆಯಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. ಫುಟ್‌ಬಾಲ್ ಗೊತ್ತಿಲ್ಲದ ಅಮೆರಿಕದ ಕೋಚ್ ಟೆಡ್, ಮಗನನ್ನು ಕ್ಯಾನ್ಸಸ್‌ನಲ್ಲಿ ಬಿಟ್ಟು ಲಂಡನ್ನಿನ ರಿಚ್ಮಂಡ್ ಫುಟ್‌ಬಾಲ್ ತಂಡಕ್ಕೆ ಬರುವ ನಿಮ್ಮ ಸರಣಿಯನ್ನು ನಮ್ಮ ಮನೆಯಲ್ಲಿ ನೋಡಿದ್ದು ಕನ್ನಡದಲ್ಲೇ. ಟಿವಿಯಲ್ಲಿ ಇಂಗ್ಲಿಷ್ ನಡೆಯುತ್ತಿತ್ತು. ಸೋಫಾದಲ್ಲಿ ನಾನು ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಅಪ್ಪಯ್ಯನಿಗೆ ಹೇಳುತ್ತಿದ್ದೆ. ಹಾಗಾಗಿ ಅದರ ಬಗ್ಗೆ ನನಗೆ ಹೇಳಲು ಇರುವುದೆಲ್ಲ ಈ ಭಾಷೆಯಲ್ಲೇ ಇದೆ.

ನಾಲ್ಕನೇ ಸೀಸನ್ ಬರುತ್ತದೆ ಎಂದು ಈ ವರ್ಷ ಮಾರ್ಚ್‌ನಲ್ಲಿ ಘೋಷಿಸಿದಿರಿ. ಈಗ ಚಿತ್ರೀಕರಣವೂ ಶುರುವಾಗಿದೆ. ಟೆಡ್ ಮತ್ತೆ ರಿಚ್ಮಂಡ್‌ಗೆ ಬರುತ್ತಾನೆ, ಎರಡನೇ ಡಿವಿಷನ್ನಿನ ಮಹಿಳಾ ತಂಡಕ್ಕೆ ಕೋಚ್ ಆಗುತ್ತಾನೆ ಅಂತ ತಿಳಿಯಿತು. ಖುಷಿಯಾಯಿತು. ಆದರೆ ಮೂರನೇ ಸೀಸನ್ ಬಗ್ಗೆ ಎರಡು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿರುವ ಮಾತು ಕೆಲವಿದೆ. ಹೊಸದು ಬರುವ ಮೊದಲು ಅದನ್ನು ಹೇಳಿಬಿಡಬೇಕು.

ಆಗ ಅದೇ ಕೊನೆಯ ಸೀಸನ್ ಎಂದು ನಾವೆಲ್ಲ ನಂಬಿದ್ದೆವು. 2023ರ ಮಾರ್ಚ್ 15ರಿಂದ ಮೇ 31ರವರೆಗೆ ಪ್ರತಿ ಬುಧವಾರ ಒಂದು ಎಪಿಸೋಡ್. ಗುರುವಾರ ಮಧ್ಯಾಹ್ನ ಆಫೀಸಿನ ಊಟದ ಮೇಜಿನಲ್ಲಿ ಅದೇ ಜಗಳ. ಟೆಡ್‌ಗೆ ಮೋಸ ಮಾಡಿ ಎದುರಾಳಿ ವೆಸ್ಟ್ ಹ್ಯಾಮ್ ತಂಡ ಸೇರಿದ ಸಹಾಯಕ ಕೋಚ್ ನೇಟ್‌ನನ್ನು ಅಷ್ಟು ಸುಲಭವಾಗಿ ಕ್ಷಮಿಸಬಾರದಿತ್ತು ಅಂತ ಒಬ್ಬರು. ರಿಚ್ಮಂಡ್‌ನ ಪ್ರಚಾರ ನೋಡಿಕೊಳ್ಳುತ್ತಿದ್ದ ಕೀಲಿಯ ಕಂಪನಿ ಕಥೆ ಯಾಕೆ ಬೇಕಿತ್ತು ಅಂತ ಇನ್ನೊಬ್ಬರು. ಮೊದಲ ಸೀಸನ್ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು, ಈಗ ಮುಕ್ಕಾಲು ಗಂಟೆ, ಒಂದು ಗಂಟೆ ಎಳೀತಾರೆ ಅಂತ ಮತ್ತೊಬ್ಬರು. ಕೊನೆಯ ಎಪಿಸೋಡ್ ಬಂದ ಮೇಲಂತೂ ಟೆಡ್ ಕ್ಯಾನ್ಸಸ್‌ಗೆ ವಾಪಸ್ ಹೋಗಿದ್ದು ಸರಿಯೋ ತಪ್ಪೋ ಎಂದು ಎರಡು ಪಂಗಡಗಳೇ ಆದವು. ಲಂಡನ್ನಿನಲ್ಲಿ ಅವನಿಗೆ ಎಲ್ಲ ಇತ್ತು, ಬಿಟ್ಟು ಹೋಗಿ ಏನು ಸಿಕ್ಕಿತು ಎಂಬುದು ಜಾಸ್ತಿ ಜನರ ಪ್ರಶ್ನೆ.

ನಾನು ಹೋಗಿದ್ದೇ ಸರಿ ಎನ್ನುವ ಪಂಗಡದವಳು. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಮೊದಲು ದೂರು.

ನೇಟ್ ವೆಸ್ಟ್ ಹ್ಯಾಮ್ ಬಿಟ್ಟಿದ್ದನ್ನು ನೀವು ನಮಗೆ ತೋರಿಸಲಿಲ್ಲ. ಎಲ್ಲಕ್ಕಿಂತ ದೊಡ್ಡ ನೋವು ನನಗೆ ಇದೇ. ಎರಡನೇ ಸೀಸನ್ ಪೂರ್ತಿ ಆ ಹುಡುಗ ಹೇಗೆ ಕಹಿಯಾಗುತ್ತ ಹೋದ ಎಂಬುದನ್ನು ತಾಳ್ಮೆಯಿಂದ ತೋರಿಸಿದವರು ನೀವೇ. ಕನ್ನಡಿಯಲ್ಲಿ ತನ್ನ ಮುಖಕ್ಕೇ ಉಗುಳುತ್ತಿದ್ದ. ಕೂದಲು ಬೆಳ್ಳಗಾಗುತ್ತ ಬಂತು. ಟೆಡ್‌ನ ಪ್ಯಾನಿಕ್ ಅಟ್ಯಾಕ್ ವಿಷಯವನ್ನು ಪತ್ರಕರ್ತನಿಗೆ ಮುಟ್ಟಿಸಿದ. ಕೊನೆಗೆ ಟೆಡ್‌ನ ಎದುರು ನಿಂತು, ನನ್ನನ್ನು ದೊಡ್ಡವನನ್ನಾಗಿ ಮಾಡಿ ಆಮೇಲೆ ಕೈಬಿಟ್ಟೆ ಅಂತ ಅತ್ತು, ಗೋಡೆಯ ಮೇಲಿನ 'ಬಿಲೀವ್' ಕಾಗದವನ್ನು ಹರಿದು ಎಸೆದ. ಅಷ್ಟೂ ನಮ್ಮ ಕಣ್ಣೆದುರೇ ಆಯಿತು. ಮನುಷ್ಯ ಇಳಿಯುವ ಒಂದೊಂದು ಮೆಟ್ಟಿಲನ್ನೂ ತೋರಿಸಿದಿರಿ.

ಹತ್ತುವಾಗ ಮಾತ್ರ ಬಾಗಿಲು ಹಾಕಿಬಿಟ್ಟಿರಿ. ಮೂರನೇ ಸೀಸನ್ನಿನ ಒಂಬತ್ತನೇ ಎಪಿಸೋಡ್‌ನಲ್ಲಿ ವೆಸ್ಟ್ ಹ್ಯಾಮ್ ಮಾಲೀಕ ರೂಪರ್ಟ್ ಅವನನ್ನು ಕುಡಿಯಲು ಕರೆಯುತ್ತಾನೆ. ಅಲ್ಲಿ ಹೆಂಗಸರನ್ನು ಕೂರಿಸಿಕೊಂಡಿದ್ದಾನೆ. ನೇಟ್ ಅಲ್ಲಿಂದ ಎದ್ದು ತನ್ನ ಗೆಳತಿ ಜೇಡ್ ಹತ್ತಿರ ಹೋಗುತ್ತಾನೆ. ಮುಂದಿನ ವಾರ ನೋಡಿದರೆ ಅವನು ಕೆಲಸ ಬಿಟ್ಟಾಗಿದೆ. ಸುದ್ದಿಯ ಹಾಗೆ ನಮಗೆ ಗೊತ್ತಾಯಿತು. ರೂಪರ್ಟ್‌ನಂಥ ಮನುಷ್ಯನ ಮುಂದೆ ನಿಂತು ಈ ಹುಡುಗ ಏನು ಹೇಳಿದ? ದನಿ ನಡುಗಿತೇ? ಅಥವಾ ಫೋನ್‌ನಲ್ಲೇ ಹೇಳಿ ಮುಗಿಸಿದನೇ? ಒಂದೂವರೆ ಸೀಸನ್ ನಾವು ಕಾದಿದ್ದು ಆ ಐದು ನಿಮಿಷಕ್ಕೆ. ನಾನು ಎಪಿಸೋಡ್ ಹಿಂದಕ್ಕೆ ಓಡಿಸಿ ನೋಡಿದೆ, ಏನಾದರೂ ಬಿಟ್ಟುಹೋಯಿತಾ ಅಂತ. ಏನೂ ಬಿಟ್ಟಿರಲಿಲ್ಲ.

ನಿಮಗೆ ಬರೆಯಲು ಬರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಅದೇ ಹತ್ತನೇ ಎಪಿಸೋಡ್‌ನಲ್ಲಿ ನೇಟ್ ಮತ್ತು ಅವನ ಅಪ್ಪನ ಮಾತಿದೆಯಲ್ಲ. ಮಗನಿಗೆ ಒಂದು ಒಳ್ಳೆ ಮಾತು ಹೇಳದ ಅಪ್ಪ. ಆವತ್ತು ಪಿಟೀಲಿನ ದನಿ ಕೇಳಿ ಒಳಗೆ ಬಂದು, ನೀನು ಜಾಣ ಎಂದುಕೊಂಡೇ ಅಷ್ಟು ಒತ್ತಾಯ ಮಾಡಿದೆ, ನೀನು ಸುಖವಾಗಿದ್ದರೆ ಸಾಕಿತ್ತು ಎನ್ನುತ್ತಾನೆ. ನಮ್ಮ ದೇಶದಲ್ಲಿ ಈ ಅಪ್ಪನ ಗುರುತು ಹೇಳಿಕೊಡುವ ಅಗತ್ಯವೇ ಇಲ್ಲ. ತೊಂಬತ್ತು ಮಾರ್ಕ್ಸ್ ತಂದರೆ ಉಳಿದ ಹತ್ತು ಎಲ್ಲಿ ಎಂದು ಕೇಳುವವರು ಬೀದಿಗಿಬ್ಬರು ಸಿಗುತ್ತಾರೆ. ಆ ದೃಶ್ಯ ಬರೆದ ಕೈಗೆ ರೂಪರ್ಟ್‌ನ ಆಫೀಸಿನ ದೃಶ್ಯ ಬರೆಯುವುದು ಕಷ್ಟವಾಗಿರಲಾರದು.

ಹನ್ನೊಂದನೇ ಎಪಿಸೋಡ್‌ನಲ್ಲಿ ಟೆಡ್‌ನ ಹಳೆಯ ಗೆಳೆಯ, ಸಹಾಯಕ ಕೋಚ್ ಬಿಯರ್ಡ್ ನೇಟ್‌ನ ಮನೆಗೆ ಹೋಗಿ ತನ್ನ ಕಥೆ ಹೇಳುತ್ತಾನೆ. ಜೈಲಿನಿಂದ ಬಂದವನಿಗೆ ಟೆಡ್ ಮನೆಯಲ್ಲಿ ಜಾಗ ಕೊಟ್ಟ. ಅವನ ಕಾರನ್ನೇ ತಾನು ಕದ್ದೆ. ಪೊಲೀಸರು ಬಂದಾಗ, ನಾನೇ ಕೊಟ್ಟಿದ್ದು ಅಂತ ಟೆಡ್ ಹೇಳಿದ. ಎಷ್ಟು ಒಳ್ಳೆ ದೃಶ್ಯ! ನನ್ನ ಕಣ್ಣು ತುಂಬಿತ್ತು. ಆದರೆ ನೋಡಿ, ಪೆಟ್ಟು ತಿಂದವನು ಟೆಡ್. ಕ್ಷಮಿಸುವ ಮಾತು ಮೊದಲು ಬಂದದ್ದು ಬಿಯರ್ಡ್ ಬಾಯಿಂದ. ಟೆಡ್ ಮತ್ತು ನೇಟ್ ಎದುರುಬದುರಾಗಿದ್ದು ಕೊನೆಯ ಎಪಿಸೋಡ್‌ನಲ್ಲಿ, ಒಂದು ಅಳು, ಒಂದು ಅಪ್ಪುಗೆಯಷ್ಟು ಹೊತ್ತು. ಆ ಎಪಿಸೋಡ್ ಒಂದೂಕಾಲು ಗಂಟೆ ಇತ್ತು. ಅದರಲ್ಲಿ ಇವರಿಬ್ಬರಿಗೆ ಹತ್ತು ನಿಮಿಷ ಕೊಡಬಹುದಿತ್ತು, ಅಲ್ವಾ?

ಕ್ಷಮಿಸಬಾರದಿತ್ತು ಎನ್ನುವ ಸ್ನೇಹಿತರ ಜೊತೆ ನಾನಿಲ್ಲ. ಕ್ಷಮೆ ಕಷ್ಟದ್ದು, ಅದರಲ್ಲಿ ಇಬ್ಬರೂ ಬೆವರುತ್ತಾರೆ. ಆ ಬೆವರು ಕಾಣಲಿಲ್ಲ ಎಂಬುದಷ್ಟೇ ನನ್ನ ದೂರು.

ಸಮಯ ಇರಲಿಲ್ಲ ಅನ್ನುವ ಹಾಗೂ ಇಲ್ಲ. ಜಾವಾ ಎಂಬ ದೊಡ್ಡ ಆಟಗಾರ ಬಂದ, ಗೋಲು ಮೇಲೆ ಗೋಲು ಹೊಡೆದ, ಇದ್ದಕ್ಕಿದ್ದಂತೆ ನಿವೃತ್ತನಾಗಿ ಹೋದ. ಕೀಲಿಯ ಆಫೀಸಿಗೆ ಶ್ಯಾಂಡಿ ಬಂದಳು, ಕೆಲಸದಿಂದ ತೆಗೆದಾಗ ಒಂದು ಕುರಿಮರಿ ಬಿಟ್ಟು ಹೋದಳು. ಜ್ಯಾಕ್ ಬಂದಳು, ದುಡ್ಡು ಹಾಕಿದಳು, ಪ್ರೀತಿ ಆಯಿತು, ದುಡ್ಡು ವಾಪಸ್ ತೆಗೆದುಕೊಂಡು ಹೋದಳು. ಕೀಲಿಯ ಖಾಸಗಿ ವಿಡಿಯೋ ಸೋರಿಕೆಯಾದಾಗ, ತಪ್ಪು ಮಾಡದವಳೇ ಕ್ಷಮೆ ಕೇಳಬೇಕು ಎಂದು ಕಾಗದ ಮುಂದಿಟ್ಟ ಆ ದೃಶ್ಯ ಮಾತ್ರ ಗಟ್ಟಿಯಾಗಿತ್ತು. ಉಳಿದದ್ದು ರಿಚ್ಮಂಡ್‌ಗೆ ಅಂಟಿಕೊಳ್ಳಲೇ ಇಲ್ಲ. ಕೀಲಿ ನಮಗೆ ಬೇಕಾಗಿದ್ದವಳು. ಅವಳನ್ನು ಬೇರೆ ಕಟ್ಟಡದಲ್ಲಿ ಕೂರಿಸಿ ನಮ್ಮಿಂದ ದೂರ ಮಾಡಿದಿರಿ. ಅವಳ ಹಳೆಯ ಪ್ರೇಮಿಗಳಾದ ಕೋಚ್ ರಾಯ್ ಮತ್ತು ಆಟಗಾರ ಜೇಮಿ ಇಬ್ಬರೂ ಬಂದು, ನಮ್ಮಲ್ಲಿ ಒಬ್ಬರನ್ನು ಆರಿಸು ಎಂದಾಗ ಅವಳು ಇಬ್ಬರನ್ನೂ ಹೊರಗೆ ಕಳಿಸಿದ್ದು ಸರಿಯಾಗಿಯೇ ಇತ್ತು. ಅದನ್ನು ವಿರೋಧಿಸುವವರ ಜೊತೆ ನನಗೆ ಜಗಳವಿದೆ.

ಉದ್ದದ ಬಗ್ಗೆ ಒಂದು ಮಾತು. ಎಪಿಸೋಡ್ ಉದ್ದವಾದದ್ದೇ ತಪ್ಪು ಎಂದು ನಾನು ಹೇಳಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಆರನೇ ಎಪಿಸೋಡ್ ಒಂದು ಗಂಟೆ ದಾಟಿತ್ತು. ಒಂದು ನಿಮಿಷವೂ ಬೇಡ ಅನ್ನಿಸಲಿಲ್ಲ. ರಾತ್ರಿ ಬೀದಿಯಲ್ಲಿ ಜೇಮಿ ರಾಯ್‌ಗೆ ಸೈಕಲ್ ಕಲಿಸುತ್ತಾನೆ. ಕಲಿಸುತ್ತೇನೆ ಎಂದಿದ್ದ ಅಜ್ಜ ತೀರಿಹೋಗಿದ್ದರಿಂದ ರಾಯ್ ಕಲಿತೇ ಇರಲಿಲ್ಲ. ಅಪ್ಪಯ್ಯ ಆ ದೃಶ್ಯವನ್ನು ಎರಡು ಸಲ ಹಾಕಿಸಿಕೊಂಡರು. ಅದೇ ರಾತ್ರಿ ಆಟಗಾರ ಕಾಲಿನ್ ಮತ್ತು ಪತ್ರಕರ್ತ ಟ್ರೆಂಟ್ ಕ್ರಿಮ್, ಸಲಿಂಗಿಗಳ ಸ್ಮಾರಕವಾದ ಹೋಮೋಮಾನ್ಯುಮೆಂಟ್ ಹತ್ತಿರ ಕೂತು ಮಾತಾಡುತ್ತಾರೆ. ಮ್ಯಾಚ್ ಗೆದ್ದಾಗ ಎಲ್ಲರ ಹಾಗೆ ತನ್ನವನಿಗೆ ಒಂದು ಮುತ್ತು ಕೊಡಬೇಕು, ಅಷ್ಟೇ ಆಸೆ ಎನ್ನುತ್ತಾನೆ ಕಾಲಿನ್.

ಮುಂದೆ ಒಂಬತ್ತನೇ ಎಪಿಸೋಡ್‌ನಲ್ಲಿ ಅವನು ಡ್ರೆಸ್ಸಿಂಗ್ ರೂಮ್‌ನಲ್ಲಿ ತಾನು ಗೇ ಎಂದು ಹೇಳಿದಾಗ ಹುಡುಗರೆಲ್ಲ, ಅದಕ್ಕೇನು, ನಮಗೇನೂ ಅಲ್ಲ ಎನ್ನುತ್ತಾರೆ. ಟೆಡ್ ಅಲ್ಲಿಗೆ ಬಿಡುವುದಿಲ್ಲ. ಏನೂ ಅಲ್ಲ ಅನ್ನಬೇಡಿ, ನಮಗೆ ಅದು ಮುಖ್ಯ, ನೀನು ಒಬ್ಬನೇ ಹೊತ್ತುಕೊಳ್ಳಬಾರದು ಎಂಬ ಅರ್ಥದಲ್ಲಿ ಮಾತಾಡುತ್ತಾನೆ. ಕಾಲಿನ್ ಮೇಲೆ ಕೋಪಗೊಂಡಿದ್ದ ತಂಡದ ನಾಯಕ ಐಸಾಕ್ ಆ ಎಪಿಸೋಡ್‌ನಲ್ಲೇ ಗೆಳೆಯನ ಮನೆಗೆ ಹೋಗಿ, ನನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನೆ. ಕೋಪ ಎಲ್ಲಿಂದ ಬಂದಿತ್ತು ಎಂದು ಆಗ ನಮಗೂ ಗೊತ್ತಾಗುತ್ತದೆ. ಅಂದರೆ ಹೇಗೆ ಮಾಡಬೇಕು ಎಂದು ನಿಮಗೆ ಚೆನ್ನಾಗಿ ಗೊತ್ತು. ಕಾಲಿನ್‌ಗೆ ಕೊಟ್ಟದ್ದನ್ನು ನೇಟ್‌ಗೆ ಯಾಕೆ ಕೊಡಲಿಲ್ಲ?

ಡಾಕ್ಟರ್ ಶ್ಯಾರನ್ ವಿಷಯವೂ ಹಾಗೇ. ಮೂರನೇ ಸೀಸನ್ ಶುರುವಾಗಿ ಐದು ದಿನಕ್ಕೆ, 2023ರ ಮಾರ್ಚ್ 20ರಂದು, ನಿಮ್ಮ ತಂಡ ವೈಟ್ ಹೌಸ್‌ಗೆ ಹೋಗಿ ಮಾನಸಿಕ ಆರೋಗ್ಯದ ಬಗ್ಗೆ ಮಾತಾಡಿತು. ನೋಡಿ ಹೆಮ್ಮೆಯಾಯಿತು. ಅದೇ ಸೀಸನ್‌ನಲ್ಲಿ ಟೆಡ್‌ನನ್ನು ಮಾತಾಡುವಂತೆ ಮಾಡಿದ್ದ ಆ ಡಾಕ್ಟರ್ ಹೆಚ್ಚು ಕಾಣಲೇ ಇಲ್ಲ. ಟೆಡ್ ತನ್ನ ಅಪ್ಪನ ಆತ್ಮಹತ್ಯೆಯ ಬಗ್ಗೆ ಮೊದಲ ಸಲ ಬಾಯಿ ಬಿಟ್ಟಿದ್ದು ಅವರ ಮುಂದೆ. ಚಿಕಿತ್ಸೆ ಒಂದು ಸೀಸನ್‌ಗೆ ಮುಗಿಯುವ ಕೆಲಸ ಅಲ್ಲ. ನನ್ನ ಹತ್ತಿರದವರೊಬ್ಬರು ನಾಲ್ಕು ವರ್ಷದಿಂದ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದಾರೆ. ಮೊದಲ ಸಲ ಹೋಗುವ ಧೈರ್ಯ ಬಂದದ್ದು ನಿಮ್ಮ ಎರಡನೇ ಸೀಸನ್ ನೋಡಿ.

ಈಗ ಟೆಡ್ ಮನೆಗೆ ಹೋದ ವಿಷಯ.

ನಮ್ಮ ಅಪ್ಪಯ್ಯ ಮಸ್ಕತ್‌ನಲ್ಲಿ ಹದಿನಾಲ್ಕು ವರ್ಷ ಸ್ಟೋರ್‌ಕೀಪರ್ ಆಗಿದ್ದರು. ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ರಜೆ. ಹದಿನಾಲ್ಕು ವರ್ಷಕ್ಕೆ ಆರು ರಜೆ, 240 ದಿನ. ನನ್ನ ಬಾಲ್ಯದಲ್ಲಿ ಅಪ್ಪಯ್ಯ ಇದ್ದದ್ದು ಎಂಟು ತಿಂಗಳು. ಶುಕ್ರವಾರ ಪಕ್ಕದ ಮನೆಗೆ ಫೋನ್ ಬರುತ್ತಿತ್ತು. ನಾವು ಸ್ನಾನ ಮಾಡಿ, ತಲೆ ಬಾಚಿ ಹೋಗಿ ಕಾಯುತ್ತಿದ್ದೆವು, ಫೋನ್‌ನಲ್ಲಿ ಮುಖ ಕಾಣುತ್ತದೇನೋ ಎಂಬ ಹಾಗೆ. ರಜೆ ಮುಗಿದ ದಿನ ಶಾಸ್ತ್ರಿ ಸರ್ಕಲ್‌ನಲ್ಲಿ ಬಾಂಬೆ ಬಸ್ಸು ಹತ್ತಿಸಿ ಬರುವುದು. ಕುಂದಾಪುರದ ಕಡೆ ಇಂಥ ಮನೆಗಳು ಎಷ್ಟಿವೆ ಎಂದು ಇಲ್ಲಿನವರಿಗೆ ಗೊತ್ತು. ನಿಮ್ಮ ಮೂರನೇ ಸೀಸನ್ ಶುರುವಾಗುವುದೇ ಏರ್‌ಪೋರ್ಟ್‌ನಲ್ಲಿ ಟೆಡ್ ಮಗ ಹೆನ್ರಿಯನ್ನು ಬೀಳ್ಕೊಡುವುದರಿಂದ. ಅಪ್ಪಯ್ಯ ಅಲ್ಲೇ ನೇರವಾಗಿ ಕೂತರು.

1998ರಲ್ಲಿ ಅವರು ಕೆಲಸ ಬಿಟ್ಟು ಬಂದರು. ಯಾಕೆ ಬಂದರು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಅವರೂ ಹೇಳಲಿಲ್ಲ. ಊರಿನವರು ಕೇಳಿದರೆ, ಸಾಕಾಯ್ತು ಅಂತ ಒಂದೇ ಮಾತು. ಆಗ ನಾನು ಪಿಯುಸಿಯಲ್ಲಿದ್ದೆ. ಒಳಗೊಳಗೇ ಸಿಟ್ಟಿತ್ತು. ಬಂದು ಮಾಡುವುದೇನು, ನಾವು ಬೆಳೆದಾಯಿತಲ್ಲ ಅಂತ.

2023ರ ಮೇ ತಿಂಗಳಲ್ಲಿ ಅವರು ಬೆಂಗಳೂರಿನ ನಮ್ಮ ಮನೆಯಲ್ಲಿದ್ದರು. ಹನ್ನೊಂದನೇ ಎಪಿಸೋಡ್ ಬಂತು. ಟೆಡ್‌ನ ಅಮ್ಮ ಡಾಟಿ ಹೇಳದೆ ಕೇಳದೆ ಲಂಡನ್ನಿಗೆ ಬರುತ್ತಾಳೆ. ಅಡುಗೆಮನೆಯಲ್ಲಿ ಟೆಡ್ ಅವಳಿಗೆ ಒಂದು ಥ್ಯಾಂಕ್ಸ್, ಒಂದು ಬೈಗುಳ, ಮತ್ತೆ ಥ್ಯಾಂಕ್ಸ್, ಮತ್ತೆ ಬೈಗುಳ ಹೇಳುತ್ತ ಹೋಗುತ್ತಾನೆ. ಅಪ್ಪ ಸತ್ತ ಮೇಲೆ ಏನೂ ಆಗಿಲ್ಲದವರ ಹಾಗೆ ಬದುಕಿದ್ದೆವಲ್ಲ ಎಂಬ ಸಂಕಟ ಅದರಲ್ಲಿ ಬರುತ್ತದೆ. ಆಮೇಲೆ ಅವಳು ಬಂದ ಕಾರಣ ಹೇಳುತ್ತಾಳೆ. ನಿನ್ನ ಮಗನಿಗೆ ನೀನಿಲ್ಲದೆ ಬೇಜಾರಾಗಿದೆ.

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದೆ. ಅಪ್ಪಯ್ಯ ಟಿವಿಯನ್ನೇ ನೋಡುತ್ತ, "ಮಗಾ, ಅಂವ ಮನಿಗ್ ಹೋಯ್ಕ್" ಅಂದರು. ಮನೆಗೆ ಹೋಗಲೇಬೇಕು ಅಂತ. ಸ್ವಲ್ಪ ಹೊತ್ತು ಬಿಟ್ಟು ಹಳದಿ ಫ್ರಾಕ್ ನೆನಪಿದೆಯಾ ಎಂದು ಕೇಳಿದರು. ನೆನಪಿತ್ತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ರಜೆಗೆ ಬಂದವರು ತಂದಿದ್ದು. ಎದೆಯ ಮೇಲೆ ಬಿಳಿ ಲೇಸು, ಹಿಂದೆ ಗಂಟು ಹಾಕುವ ಪಟ್ಟಿ. ತೋಳಿನ ತನಕವೂ ಹತ್ತಲಿಲ್ಲ. ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗಿಗೆ ಕೊಟ್ಟೆವು. ಅಪ್ಪಯ್ಯ ಹೇಳಿದರು, ಅಂಗಡಿಯಲ್ಲಿ ಕೈಯಲ್ಲಿ ಅಳತೆ ತೋರಿಸಿ ತಂದಿದ್ದೆ, ನನ್ನ ಕೈಯಲ್ಲಿ ನೀನು ಅಷ್ಟೇ ಇದ್ದೆ. ಬಸ್ಸಿನಲ್ಲಿ ವಾಪಸ್ ಹೋಗುವಾಗಲೇ ಬಿಟ್ಟು ಬರಬೇಕು ಅಂತ ತೀರ್ಮಾನ ಮಾಡಿದೆ. ಮನೆಯ ಸಾಲ ತೀರಲು ಆಮೇಲೆ ಇಷ್ಟು ದಿನ ಬೇಕಾಯಿತು.

ಇಪ್ಪತ್ತೈದು ವರ್ಷ ಆ ಮಾತು ನಮ್ಮ ಮನೆಯಲ್ಲಿ ಆಗಿರಲಿಲ್ಲ. ನಿಮ್ಮ ಅಡುಗೆಮನೆಯ ದೃಶ್ಯದಿಂದ ಆಯಿತು. ನೀವು ಅದನ್ನು ಕಣ್ಣೆದುರು ತೋರಿಸಿದ್ದರಿಂದ ಆಯಿತು. ಡಾಟಿ ಬಂದು ಹೋದಳಂತೆ ಎಂದು ಮುಂದಿನ ವಾರ ಯಾರಿಂದಲೋ ಹೇಳಿಸಿದ್ದರೆ ಅಪ್ಪಯ್ಯ ಆ ಫ್ರಾಕಿನ ಮಾತು ಎತ್ತುತ್ತಿರಲಿಲ್ಲ. ನೇಟ್‌ನ ವಿಷಯದಲ್ಲಿ ನಾನು ಇಷ್ಟು ಹಟ ಮಾಡುವುದು ಇದಕ್ಕೇ. ಕೆಟ್ಟ ಬಾಸ್‌ನ ಎದುರು ನಿಂತು ಸಾಕು ಎನ್ನಬೇಕಾದ ಹುಡುಗರು, ಮೋಸ ಮಾಡಿದ ಗೆಳೆಯನ ಮುಂದೆ ಹೋಗಿ ತಪ್ಪಾಯ್ತು ಎನ್ನಬೇಕಾದವರು ಎಷ್ಟೋ ಮನೆಗಳಲ್ಲಿ ಆ ಸೀಸನ್ ನೋಡುತ್ತ ಕೂತಿದ್ದರು. ಅವರಿಗೆ ಆ ದೃಶ್ಯ ಸಿಗಲಿಲ್ಲ.

ರಿಚ್ಮಂಡ್ ತಂಡದ ಒಡತಿ ರೆಬೆಕಾ ಟೆಡ್‌ನನ್ನು ಇರು ಎಂದು ಬೇಡಿಕೊಳ್ಳುತ್ತಾಳೆ. ಮಗನನ್ನೂ ಇಲ್ಲಿಗೇ ಕರೆಸಿಕೋ, ಎಷ್ಟು ಬೇಕಾದರೂ ಸಂಬಳ ಕೊಡುತ್ತೇನೆ ಎನ್ನುತ್ತಾಳೆ. ಅವನು ಹೊರಡುತ್ತಾನೆ. ರಿಚ್ಮಂಡ್ ವೆಸ್ಟ್ ಹ್ಯಾಮ್ ವಿರುದ್ಧ 3-2ರಿಂದ ಗೆದ್ದರೂ ಲೀಗ್ ಗೆಲ್ಲಲಿಲ್ಲ, ಎರಡನೇ ಸ್ಥಾನ. ಕಪ್ಪು ಸಿಗದೆ ಹೊರಟ. ಹುಡುಗರು ಹರಿದ 'ಬಿಲೀವ್' ಕಾಗದದ ಚೂರುಗಳನ್ನು ಒಬ್ಬೊಬ್ಬರಾಗಿ ತಂದು ಜೋಡಿಸಿದ ಮೇಲೆ ಅವನ ಕೆಲಸ ಅಲ್ಲಿ ಮುಗಿದಿತ್ತು. ಕೊನೆಯಲ್ಲಿ ಅವನು ಮಗನ ಫುಟ್‌ಬಾಲ್ ಮೈದಾನದ ಪಕ್ಕ ನಿಂತಿದ್ದಾನೆ. ಅದು ಸೋಲು ಎನ್ನುವವರನ್ನು ನಾನು ಒಂದು ಶುಕ್ರವಾರ ನಮ್ಮ ಪಕ್ಕದ ಮನೆಯ ಫೋನ್ ಮುಂದೆ ಕೂರಿಸಬೇಕು.

ಇನ್ನು ನನ್ನ ಬೇಡಿಕೆಗಳು.

ಟೆಡ್‌ನನ್ನು ರಿಚ್ಮಂಡ್‌ಗೆ ವಾಪಸ್ ತರುತ್ತಿದ್ದೀರಿ. ತನ್ನಿ, ಆದರೆ ಹೆನ್ರಿಯ ಉತ್ತರ ನಮಗೆ ಮೊದಲು ಬೇಕು. ಹುಡುಗ ಜೊತೆಗೆ ಬಂದಿದ್ದಾನೋ, ಅಲ್ಲೇ ಇದ್ದಾನೋ, ಅಪ್ಪ ಮತ್ತೆ ಹೊರಡುವಾಗ ಅವನನ್ನು ಕೇಳಿದರೋ ಇಲ್ಲವೋ. ಮೂರು ಸೀಸನ್ ಕಟ್ಟಿ, ಅಷ್ಟು ನೋವಿನಿಂದ ಮಾಡಿಸಿದ ಒಂದು ತೀರ್ಮಾನವನ್ನು ಎರಡು ಸಾಲಿನಲ್ಲಿ ಅಳಿಸಬೇಡಿ. ಅಪ್ಪ ಮಗ ಕೂತು ಮಾತಾಡಲಿ, ನಾವು ನೋಡುವಂತೆ. ಡಾಕ್ಟರ್ ಶ್ಯಾರನ್ ಅವರನ್ನು ಕರೆಸಿ. ನೇಟ್ ಈಗ ಏನು ಯೋಚಿಸುತ್ತಾನೆ ಎಂದು ಅವನ ಬಾಯಿಂದಲೇ ಹೇಳಿಸಿ, ಎರಡು ವರ್ಷ ತಡವಾದರೂ ಸರಿ.

ಮಹಿಳಾ ತಂಡ ಸುಮ್ನೆ ಟೆಡ್‌ನ ಹಿನ್ನೆಲೆಯಾಗಿ ನಿಲ್ಲಬಾರದು. ಇಂಗ್ಲೆಂಡ್‌ನಲ್ಲಿ 1921ರಿಂದ ಸುಮಾರು ಐವತ್ತು ವರ್ಷ ಹೆಂಗಸರು ಫುಟ್‌ಬಾಲ್ ಅಸೋಸಿಯೇಷನ್ ಕ್ಲಬ್‌ಗಳ ಮೈದಾನದಲ್ಲಿ ಆಡುವಂತೆಯೇ ಇರಲಿಲ್ಲ. ಆ ನಿಷೇಧದ ಹಿಂದಿನ ವರ್ಷವಷ್ಟೇ, 1920ರಲ್ಲಿ, ಅವರ ಒಂದು ಮ್ಯಾಚ್ ನೋಡಲು ಗುಡಿಸನ್ ಪಾರ್ಕ್‌ನಲ್ಲಿ 50 ಸಾವಿರಕ್ಕೂ ಜಾಸ್ತಿ ಜನ ಸೇರಿದ್ದರು. ಅದೇ ಇಂಗ್ಲೆಂಡ್‌ನ ಹೆಂಗಸರು 2022ರಲ್ಲಿ ವೆಂಬ್ಲಿಯಲ್ಲಿ ಯೂರೋ ಗೆದ್ದರು, ಮೊನ್ನೆ ಜುಲೈ 27ರಂದು ಬಾಸೆಲ್‌ನಲ್ಲಿ ಸ್ಪೇನ್ ವಿರುದ್ಧ ಪೆನಾಲ್ಟಿಯಲ್ಲಿ ಮತ್ತೆ ಗೆದ್ದರು. ಆ ಟೂರ್ನಿ ನಡೆಯುತ್ತಿರುವಾಗಲೇ ಜೆಸ್ ಕಾರ್ಟರ್ ಎಂಬ ಆಟಗಾರ್ತಿ ಜನಾಂಗದ ನಿಂದನೆಗೆ ಗುರಿಯಾದರು. ನೈಜೀರಿಯಾದ ಆಟಗಾರ ಸ್ಯಾಮ್, ತನ್ನ ರೆಸ್ಟೋರೆಂಟನ್ನು ಯಾರೋ ದ್ವೇಷದಿಂದ ಒಡೆದು ಹಾಕಿದ್ದನ್ನು ನೋಡುತ್ತ ನಿಂತ ದೃಶ್ಯ ಬರೆದವರು ನೀವು. ಇದನ್ನೂ ಬರೆಯಬಲ್ಲಿರಿ. ಎರಡನೇ ಡಿವಿಷನ್ನಿನ ಹುಡುಗಿಯರಿಗೆ ಸ್ಯಾಮ್, ಕಾಲಿನ್, ಡ್ಯಾನಿಯಷ್ಟೇ ಹೆಸರು, ಮನೆ, ಭಯ, ನಗು ಇರಲಿ. ಕೊನೆಯ ಎಪಿಸೋಡ್‌ನಲ್ಲಿ ರೆಬೆಕಾಳ ಕೈಗೆ ಮಹಿಳಾ ತಂಡದ ಯೋಜನೆ ಇಟ್ಟವಳು ಕೀಲಿ. ಹಾಗಾಗಿ ಈ ಸಲ ಅವಳನ್ನು ಬೇರೆ ಕಟ್ಟಡಕ್ಕೆ ಕಳಿಸಬೇಡಿ.

ಮೊದಲ ಎರಡು ಸೀಸನ್‌ಗೆ ಅತ್ಯುತ್ತಮ ಹಾಸ್ಯ ಸರಣಿಯ ಎಮಿ ಬಂತು, ಮೂರನೆಯದಕ್ಕೆ ಬರಲಿಲ್ಲ. ನಮ್ಮ ಜಗಳದಲ್ಲಿ ಅದನ್ನೂ ಎತ್ತಿ ಆಡಿದವರಿದ್ದಾರೆ. ನನಗೆ ಅದರ ಲೆಕ್ಕ ಬೇಡ.

ಅಪ್ಪಯ್ಯನಿಗೆ ಈಗ ಎಪ್ಪತ್ತೆರಡು. ನಾಲ್ಕನೇ ಸೀಸನ್ ವಿಷಯ ಹೇಳಿದಾಗ ಅವರು ಟೆಡ್ ಯಾವ ತಂಡಕ್ಕೆ ಬರುತ್ತಾನೆ ಎಂದು ಕೇಳಲಿಲ್ಲ. ಹುಡುಗ ಎಲ್ಲಿ ಎಂದು ಕೇಳಿದರು. ನಾನು, ಗೊತ್ತಿಲ್ಲ ಅಪ್ಪಯ್ಯ, ಬರೆಯುವವರನ್ನೇ ಕೇಳ್ತೇನೆ ಎಂದೆ. ಅದಕ್ಕೆ ಈ ಪತ್ರ.

ಇಂತಿ,
ನಿಮ್ಮ ಸರಣಿಯನ್ನು ಅಪ್ಪನ ಜೊತೆ ಕೂತು ನೋಡಿದ ಒಬ್ಬ ಮಗಳು